ಒಂದೇ ತಿರುಗುಗುಂಡಿಯೋ, ರಿಬೌಂಡ್ ಮಾತ್ರವೋ: ಗದಗ ರಸ್ತೆಯಲ್ಲಿ ಎರಡು ಬಗೆಯ ಶಾಕ್ ಅಬ್ಸಾರ್ಬರ್

ನನ್ನ ಪೋಲೊ ಜಿಟಿಗೆ ಬಿಗಿ-ಸಡಿಲ ಮಾಡಬಹುದಾದ ಶಾಕ್ ಅಬ್ಸಾರ್ಬರ್‌ಗಳನ್ನು ಎರಡು ಬಗೆಯಲ್ಲಿ ಹಾಕಿಸಿ ಓಡಿಸಿದ್ದೇನೆ. ಮೊದಲನೆಯದಕ್ಕೆ ಒಂದೇ ತಿರುಗುಗುಂಡಿ. ತಿರುಗಿಸಿದರೆ ಚಕ್ರ ಮೇಲೇಳುವಾಗಿನ ತಡೆ, ಅಂದರೆ ಕಂಪ್ರೆಷನ್, ಮತ್ತು ಕೆಳಗಿಳಿಯುವಾಗಿನ ತಡೆಯಾದ ರಿಬೌಂಡ್ ಎರಡೂ ಒಟ್ಟಿಗೇ ಬಿಗಿಯಾಗುತ್ತವೆ. ಎರಡನೆಯದರಲ್ಲಿ ರಿಬೌಂಡ್ ಮಾತ್ರ ನಮ್ಮ ಕೈಯಲ್ಲಿರುತ್ತದೆ. ಸ್ಪ್ರಿಂಗ್, ಟೈರ್, ಗಾಳಿಯ ಒತ್ತಡ ಯಾವುದನ್ನೂ ಬದಲಿಸಲಿಲ್ಲ.

ಹುಬ್ಬಳ್ಳಿಯಲ್ಲಿದ್ದುಕೊಂಡು ಕಾರು ಓಡಿಸುವವರಿಗೆ ಎರಡನೆಯದೇ ಸರಿ. ಕಾರಣ ನಮ್ಮ ನೆಲದಲ್ಲೇ ಇದೆ. ಅಣ್ಣಿಗೇರಿ ಮೇಲೆ ಗದಗಿಗೆ ಹೋಗುವ ದಾರಿಯ ಎಡಬಲಕ್ಕೆ ಎರೆಭೂಮಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ಮಣ್ಣಿನ ಮೇಲೆ ಹಾಕಿದ ಡಾಂಬರು ಕಿತ್ತುಹೋಗದಿದ್ದರೂ ಅಲ್ಲಲ್ಲಿ ಅಲೆಯಾಗಿ ಏಳುತ್ತದೆ. ವೇಗದಲ್ಲಿ ಅಂಥ ಅಲೆ ದಾಟಿದಾಗ ಅದುಮಿದ ಸ್ಪ್ರಿಂಗ್ ಕಾರನ್ನು ಮೇಲಕ್ಕೆ ಎತ್ತುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ರಿಬೌಂಡ್. ಊರೊಳಗಿನ ರಸ್ತೆ ಉಬ್ಬು, ಕಾಂಕ್ರೀಟಿನ ಸಂದು, ಚೂಪು ಅಂಚಿನ ತಗ್ಗುಗಳ ಮಾತು ಬೇರೆ. ಅಲ್ಲಿ ಚಕ್ರ ಥಟ್ಟನೆ ಮೇಲೇಳಬೇಕು. ಕಂಪ್ರೆಷನ್ ಬಿಗಿಯಾಗಿದ್ದರೆ ಏಟು ನೇರ ಬೆನ್ನಿಗೆ.

ಒಂದೇ ಗುಂಡಿಯ ತೊಡಕು ಇದೇ. ಗದಗ ರಸ್ತೆಗೆಂದು ಬಿಗಿ ಮಾಡಿದಾಗ ಕಾರು ಅಲೆಗಳ ಮೇಲೆ ಜಗ್ಗಲಿಲ್ಲ, ಊರೊಳಗೆ ಬಂದರೆ ಡ್ಯಾಶ್‌ಬೋರ್ಡ್ ಗಡಗಡ. ಸಡಿಲಿಸಿದರೆ ಊರಲ್ಲಿ ಹಿತ, ಹೆದ್ದಾರಿಯಲ್ಲಿ ತೇಲಾಟ. ಆದರೂ ಯಲ್ಲಾಪುರದಾಚೆಯ ಅರಬೈಲ್ ಘಟ್ಟದಲ್ಲಿ ಇದೇ ಮೇಲು. ಸ್ಟೀರಿಂಗ್ ತಿರುಗಿಸಿದ ಕೂಡಲೇ ಕಾರು ವಾಲಾಡದೆ ಮೂತಿ ತಿರುಗಿಸುತ್ತದೆ. ಗುಂಡಿಯ ಒಂದೊಂದು ಹಂತವೂ ಟಕ್ ಎಂದು ಬೆರಳಿಗೆ ತಿಳಿಯುವುದರಿಂದ ಎಣಿಸುವುದೂ ಸುಲಭ.

ನಾನು ಹಾಕಿಸಿದ ರಿಬೌಂಡ್ ಶಾಕ್‌ನಲ್ಲಿ ಹಂತಗಳಿಲ್ಲ. ಬಾನೆಟ್ ಎತ್ತಿ ರಾಡಿನ ತುದಿಯನ್ನು ಕಾಲು ಸುತ್ತು, ಅರ್ಧ ಸುತ್ತು ಎಂದು ತಿರುಗಿಸಬೇಕು. ತುದಿಗೆ ಬಿಳಿ ಬಣ್ಣದ ಚುಕ್ಕೆ ಇಟ್ಟರೆ ಎಡ-ಬಲ ಹೆಚ್ಚುಕಡಿಮೆಯಾಗುವುದಿಲ್ಲ. ಹಿಂದಿನ ಜೋಡಿಗೆ ಗ್ಯಾರೇಜೇ ಗತಿ, ಅದೊಂದು ಕಿರಿಕಿರಿ. ಪೂರ್ತಿ ಸಡಿಲದಿಂದ ಶುರು ಮಾಡಿ, ಅಲೆ ದಾಟಿದ ಮೇಲೆ ಬಾನೆಟ್ಟಿನ ಅಂಚನ್ನು ಗಮನಿಸಿ. ಒಮ್ಮೆ ಎದ್ದು ಕುಳಿತರೆ ಸರಿ. ಎರಡನೇ ಸಲವೂ ಎದ್ದರೆ ಇನ್ನೊಂದು ಕಾಲು ಸುತ್ತು ಬಿಗಿಸಿ. ಕೊನೆಯವರೆಗೆ ಮಾತ್ರ ಬಿಗಿಸಬೇಡಿ. ಅಲೆಯ ಬೆನ್ನಿಗೇ ಅಲೆ ಬಂದಾಗ ಸ್ಪ್ರಿಂಗ್ ಬಿಚ್ಚಿಕೊಳ್ಳುವ ಮೊದಲೇ ಮುಂದಿನ ಏಟು ಬೀಳುತ್ತದೆ. ಕಾರು ತಗ್ಗುತ್ತ ತಗ್ಗುತ್ತ ಹೋಗಿ ರಬ್ಬರ್ ತಡೆಗೆ ಬಡಿಯುತ್ತದೆ.

ನನಗೆ ಒಗ್ಗಿರುವುದು ಮುಂದೆ ಅರ್ಧ ಸುತ್ತು, ಹಿಂದೆ ಮುಕ್ಕಾಲು. ಮುಂಚಕ್ರಗಳೇ ಎಳೆಯುವ ಕಾರು ತಿರುವಿನಲ್ಲಿ ಹೊರಕ್ಕೆ ಸರಿಯುವ ಚಾಳಿ ಇದರಿಂದ ತಗ್ಗುತ್ತದೆ. ಮಳೆ ಹಿಡಿದ ಮೇಲೆ ಹಿಂದಿನದನ್ನು ಕಾಲು ಸುತ್ತಿಗೆ ಇಳಿಸುತ್ತೇನೆ. ಹಿಂಭಾಗ ಬಿಗಿಯಾಗಿದ್ದರೆ ಒದ್ದೆ ಡಾಂಬರಿನ ಮೇಲೆ ಬೇಗ ಜಾರುತ್ತದೆ.