ಕ್ಲೋಟ್ರಿಮಜೋಲ್ 1% ಕ್ರೀಮ್: ಮುಂದೊಗಲಿನ ತುರಿಕೆಗೆ ಒಳ್ಳೆಯದೇ, ಆದರೆ ಎಲ್ಲ ತುರಿಕೆಗೂ ಅಲ್ಲ

ಮುಂದೊಗಲಿನ ಕೆಳಗೆ ಕೆಂಪು, ತುರಿಕೆ, ಒಡೆದ ಮೊಸರಿನಂಥ ಬಿಳಿ ಪದರ ಇದ್ದರೆ ಅದು ಹೆಚ್ಚಾಗಿ ಕ್ಯಾಂಡಿಡಾ ಶಿಲೀಂಧ್ರ. ಅದಕ್ಕೆ ಈ ಕ್ರೀಮ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಚರ್ಮವನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ಬರೀ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ತೆಳ್ಳಗೆ ಹಚ್ಚಿ. ದಿನಕ್ಕೆ 2 ಬಾರಿ, 7ರಿಂದ 14 ದಿನ. ಆಮೇಲೆ ಚರ್ಮವನ್ನು ಮುಂದಕ್ಕೆ ತರಲು ಮರೆಯಬೇಡಿ. ಹಿಂದೆಯೇ ಸಿಕ್ಕಿಕೊಂಡು ಊದಿದರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ತುರಿಕೆ ನಿಂತಿತೆಂದು ಮೂರನೇ ದಿನವೇ ಟ್ಯೂಬನ್ನು ಮೂಲೆಗೆಸೆಯುವುದು ಮಾಮೂಲಿ ತಪ್ಪು. ಲೇಟೆಕ್ಸ್ ಕಾಂಡೋಮನ್ನು ಇದು ದುರ್ಬಲಗೊಳಿಸಬಹುದು, ಅದೊಂದು ಕೊರತೆ. ಸೋಪಿನಿಂದಾದ ಉರಿಗಾಗಲಿ, ಬಿಳಿಚಿ ಗಟ್ಟಿಯಾಗುವ ಚರ್ಮಕ್ಕಾಗಲಿ ಇದು ಮದ್ದಲ್ಲ. ಪದೇ ಪದೇ ಮರುಕಳಿಸಿದರೆ ಇನ್ನೊಂದು ಟ್ಯೂಬ್ ಕೊಳ್ಳುವ ಮೊದಲು ರಕ್ತದ ಸಕ್ಕರೆ ಪರೀಕ್ಷಿಸಿ.