ಪಿಸ್ಟನ್ ಅಳೆದು ಆಮೇಲೆ ಬೋರ್ ಹೊಡೆಯುವ ಅಂಗಡಿ

ಹಳೇ ಟೂ ಸ್ಟ್ರೋಕ್ ಗಾಡಿ ಇಟ್ಟುಕೊಂಡವರಿಗೆ ಬೆಂಗಳೂರಿನ ಕಲಾಸಿಪಾಳ್ಯದ ಈ ಪುಟ್ಟ ಬೋರಿಂಗ್ (ಸವೆದ ಸಿಲಿಂಡರ್ ಒಳಗೋಡೆಯನ್ನು ಕೊರೆದು ಸಮ ಮಾಡುವ) ಅಂಗಡಿಯನ್ನು ಧೈರ್ಯವಾಗಿ ಹೇಳುತ್ತೇನೆ. ಕಾರಣ ಒಂದೇ. ಇಲ್ಲಿ ಬ್ಲಾಕ್ (ಪಿಸ್ಟನ್ ಓಡಾಡುವ ಸಿಲಿಂಡರ್) ಕೊಟ್ಟರೆ ಮೊದಲು ಕೇಳೋದು, "ಹೊಸ ಪಿಸ್ಟನ್ ತಂದಿದೀರಾ ಸಾರ್?" ಅಂತ. ತಂದಿಲ್ಲ ಅಂದರೆ ಮೆಷಿನ್ ಹತ್ತಿರಕ್ಕೂ ಹೋಗಲ್ಲ.

ನನ್ನದು 1994ರ ಯಮಹಾ ಆರ್‌ಎಕ್ಸ್ 100. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬ್ಲಾಕ್ ಒಳಗಿಂದ ಟಕಟಕ ಸದ್ದು. ಬಿಸಿಯಾದ ಮೇಲೆ ಸ್ವಲ್ಪ ಕಡಿಮೆ. ಕಿಕ್ ಹಗುರ, ದಿಣ್ಣೆಯಲ್ಲಿ ಎಳೆತ ಇಲ್ಲ. ಸವೆದಿದೆ ಅನ್ನೋದು ಗೊತ್ತೇ ಇತ್ತು, ಎಷ್ಟು ಅನ್ನೋದು ಬೇಕಿತ್ತು. ಪಿಸ್ಟನ್ನನ್ನು ಬ್ಲಾಕ್‌ಗೆ ಇಳಿಸಿ, ಬೆರಳಲ್ಲಿ ಅಲ್ಲಾಡಿಸಿ, "ಆಗೋಯ್ತು, ಬೋರ್ ಹೊಡೆಸಿ" ಅನ್ನೋರು ಎಲ್ಲ ಕಡೆ ಇದ್ದಾರೆ. ಈ ಗಾಡಿ ತಯಾರಿ ನಿಂತಿದ್ದು 1996ರಲ್ಲಿ. ಒರಿಜಿನಲ್ ಬ್ಲಾಕ್ ಈಗ ಸುಲಭಕ್ಕೆ ಸಿಗಲ್ಲ. ಬೋರ್ (ಒಳ ಅಗಲ) 50 ಎಂಎಂ, ಅಲ್ಲಿಂದ ಬೋರ್ ಹೊಡೆದಷ್ಟೂ ದೊಡ್ಡ ಪಿಸ್ಟನ್, 0.25, 0.50, 0.75, 1.00 ಅಂತ ಓವರ್‌ಸೈಜ್. ಒಂದೊಂದು ಸಲ ಬೋರ್ ಹೊಡೆದಾಗಲೂ ಬ್ಲಾಕ್‌ನ ಆಯುಸ್ಸು ಒಂದು ಮೆಟ್ಟಿಲು ಕಡಿಮೆ. ಸುಮ್ನೆ ಅಂದಾಜಿನ ಮೇಲೆ ಕಳೆಯೋಕೆ ನನಗೆ ಮನಸ್ಸು ಬರಲಿಲ್ಲ.

ಯಜಮಾನರು ಮೊದಲು ಹಳೇ ಪಿಸ್ಟನ್ ತಗೊಂಡರು. ಮೈಕ್ರೋಮೀಟರನ್ನು ಪಿಸ್ಟನ್ನಿನ ಕೆಳಗೋಡೆಯಾದ ಸ್ಕರ್ಟ್‌ನ ಕೆಳ ಅಂಚಿಗಿಂತ ಸ್ವಲ್ಪ ಮೇಲೆ, ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಗಜನ್ ಪಿನ್‌ಗೆ ಅಡ್ಡಲಾಗಿ ಹಿಡಿದರು. ಅಲ್ಲೇ ಯಾಕೆ ಅಂದರೆ, ಪಿಸ್ಟನ್ ಪೂರ್ತಿ ದುಂಡಗಿರಲ್ಲ. ಮೇಲ್ಭಾಗ ಬೆಂಕಿಗೆ ಹತ್ತಿರ, ಜಾಸ್ತಿ ಹಿಗ್ಗುತ್ತೆ, ಅದಕ್ಕೆ ಅದನ್ನು ಸಣ್ಣದಾಗೇ ಮಾಡಿರುತ್ತಾರೆ. ತಲೆ ಹತ್ತಿರ ಅಳೆದರೆ ಆ ಲೆಕ್ಕ ಯಾವುದಕ್ಕೂ ಬರಲ್ಲ. ಬಂದ ಅಳತೆ 49.91 ಎಂಎಂ.

ಆಮೇಲೆ ಬ್ಲಾಕ್. ಒಳ ಅಗಲ ಅಳೆಯುವ ಡಯಲ್ ಬೋರ್ ಗೇಜನ್ನು ಮೇಲೆ, ನಡುವೆ, ಕೆಳಗೆ ಇಳಿಸಿ, ಪ್ರತಿ ಕಡೆಯೂ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ನೋಡಿದರು. ಗೇಜನ್ನು ಮೆಲ್ಲಗೆ ಹಿಂದೆ ಮುಂದೆ ವಾಲಿಸುತ್ತಾ ಮುಳ್ಳು ಎಲ್ಲಿ ತಿರುಗಿ ಹಿಂದಕ್ಕೆ ಹೊರಡುತ್ತೋ ಅಲ್ಲಿಯ ಅಂಕಿಯನ್ನು ಬ್ಲಾಕ್ ಮೇಲೇ ಮಾರ್ಕರ್‌ನಲ್ಲಿ ಬರೆದರು. ಸೈಲೆನ್ಸರ್ ಪೋರ್ಟ್ (ಹೊಗೆ ಹೊರಹೋಗುವ ಕಿಂಡಿ) ಹತ್ತಿರ 50.09, ಉಳಿದ ಕಡೆ 50.05 ಆಸುಪಾಸು. ಅಂದರೆ ಸವೆದ ಜಾಗದಲ್ಲಿ ಪಿಸ್ಟನ್ನಿಗೂ ಗೋಡೆಗೂ ಗ್ಯಾಪ್ 0.18. ಸದ್ದು ಬರದೇ ಇರುತ್ತಾ?

0.25 ಸೈಜ್‌ನಲ್ಲೇ ಸವಕಲು ಪೂರ್ತಿ ಹೋಗುತ್ತೆ ಅಂದರು. ನನಗೆ ಹೋದ ಜೀವ ಬಂತು. ನಾನು ಜೆ.ಸಿ. ರಸ್ತೆಯಿಂದ ತಂದಿದ್ದ ಹೊಸ ಪಿಸ್ಟನ್ ಅಳೆದಾಗ 50.21 ಬಂತು. ಅದಕ್ಕೆ ಬೇಕಾದ ಗ್ಯಾಪ್ 0.045 ಸೇರಿಸಿ ಬ್ಲಾಕನ್ನು 50.255ಕ್ಕೆ ತಂದರು. ಕೊನೆಯ ಚೂರನ್ನು ಬೋರಿಂಗ್‌ನಲ್ಲಿ ತೆಗೆಯದೆ, ಕಲ್ಲಿನಿಂದ ಸಣ್ಣ ಗೀರು ಬೀಳುವಂತೆ ಉಜ್ಜುವ ಹೋನಿಂಗ್‌ಗೆ ಬಿಟ್ಟರು. ಹೋನಿಂಗ್ ನಡುವೆ ನಿಲ್ಲಿಸಿ ಮತ್ತೆ ಮತ್ತೆ ಗೇಜ್ ಇಳಿಸುತ್ತಿದ್ದರು. ಈ ತಾಳ್ಮೆಗೇ ನಾನು ದುಡ್ಡು ಕೊಟ್ಟಿದ್ದು. ಅಲ್ಯೂಮಿನಿಯಂ ಪಿಸ್ಟನ್ ಕಬ್ಬಿಣದ ಗೋಡೆಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತೆ. ಗ್ಯಾಪ್ ಬಿಗಿಯಾದರೆ ಹೈವೇನಲ್ಲಿ ಪಿಸ್ಟನ್ ಸೀಜ್ ಆಗಿ (ಗೋಡೆಗೆ ಕಚ್ಚಿಕೊಂಡು) ಹಿಂದಿನ ಚಕ್ರವೇ ಲಾಕ್ ಆಗಬಹುದು. ಜೀವಕ್ಕೇ ಅಪಾಯ.

ಪಿಸ್ಟನ್ ಸುತ್ತ ಕೂರುವ ರಿಂಗನ್ನೂ ಬ್ಲಾಕ್ ಒಳಗಿಟ್ಟು, ಪಿಸ್ಟನ್ ತಲೆಯಿಂದ ನೇರವಾಗಿ ತಳ್ಳಿ, ತುದಿಗಳ ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ತೋರಿಸಿದರು. ಕೇಳದೇ ಮಾಡಿದ ಕೆಲಸ ಇದು.

ಕೊರತೆ ಇಲ್ಲ ಅಂತಲ್ಲ. ಪೋರ್ಟ್ ಅಂಚುಗಳನ್ನು ಉಜ್ಜಿ ನಯ ಮಾಡಿದ್ದರು, ಆದರೆ ಪೆಟ್ರೋಲ್ ಗಾಳಿ ಒಳಬರುವ ಒಂದು ಟ್ರಾನ್ಸ್‌ಫರ್ ಪೋರ್ಟ್‌ನ ಮೇಲಿನ ಅಂಚು ಬೆರಳಿಗೆ ಚುಚ್ಚುತ್ತಿತ್ತು. ಹಾಗೇ ಬಿಟ್ಟರೆ ರಿಂಗ್ ಸಿಕ್ಕಿಕೊಂಡು ಮುರಿಯುತ್ತೆ. ತೋರಿಸಿದ ತಕ್ಷಣ ಬೇಸರವಿಲ್ಲದೆ ಸರಿ ಮಾಡಿಕೊಟ್ಟರು. ನೀವೂ ಎಲ್ಲ ಪೋರ್ಟ್‌ಗೂ ಬೆರಳಾಡಿಸಿ ನೋಡಿಯೇ ತಗೊಳ್ಳಿ. ಕಾಯೋದೂ ಜಾಸ್ತಿ. ಮಧ್ಯಾಹ್ನ ಹೋದರೆ ಬ್ಲಾಕ್ ಮಾರನೇ ದಿನವೇ. ಕೂರೋಕೆ ಜಾಗ ಇಲ್ಲ, ಫೋನ್ ಎತ್ತೋದು ಅಪರೂಪ. ನಮ್ಮ ತುಮಕೂರಿಗಿಂತ ಇನ್ನೂರು ರೂಪಾಯಿ ಜಾಸ್ತಿ ಆಯಿತು. ಅಳತೆಗಳನ್ನು ಬಿಲ್‌ನಲ್ಲಿ ಬರೆಯಲ್ಲ. ನಾನು ಬ್ಲಾಕ್ ಮೇಲಿನ ಮಾರ್ಕರ್ ಗುರುತುಗಳ ಫೋಟೋ ತೆಗೆದುಕೊಂಡೆ.

ಮನೆಗೆ ತಂದ ಬ್ಲಾಕನ್ನು ಪೆಟ್ರೋಲ್‌ನಲ್ಲಿ ಮಾತ್ರ ತೊಳೆದು ಜೋಡಿಸಬೇಡಿ. ಹೋನಿಂಗ್ ಕಲ್ಲಿನ ಪುಡಿ ಆ ಗೀರುಗಳಲ್ಲೇ ಕೂತಿರುತ್ತೆ. ಬಿಸಿ ನೀರು, ಸೋಪು, ಬ್ರಷ್ ಹಾಕಿ ಉಜ್ಜಿ. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಕಪ್ಪು ಬರಬಾರದು, ಅಲ್ಲಿವರೆಗೂ ತೊಳೆಯಿರಿ. ಆಮೇಲೆ ತಡ ಮಾಡದೆ 2ಟಿ (ಟೂ ಸ್ಟ್ರೋಕ್) ಆಯಿಲ್ ಸವರಿ, ಇಲ್ಲದಿದ್ದರೆ ಕಣ್ಣೆದುರೇ ತುಕ್ಕು ಹಿಡಿಯುತ್ತೆ.

ಗಾಡಿ ಈಗ ಹೊಸ ಪಿಸ್ಟನ್ ಹದವಾಗೋವರೆಗೆ ನಿಧಾನ ಓಡಿಸುವ ರನ್ನಿಂಗ್ ಇನ್‌ನಲ್ಲಿದೆ. ಬೆಳಗಿನ ಸದ್ದು ಹೋಗಿದೆ, ಕಿಕ್‌ಗೆ ಒಳ್ಳೇ ಬಿಗಿ ಬಂದಿದೆ. ಹೋಗೋರು ಬೆಳಿಗ್ಗೆ ಬೇಗ ಹೋಗಿ. ಪಿಸ್ಟನ್, ರಿಂಗ್, ಗಜನ್ ಪಿನ್ ಮೂರನ್ನೂ ಜೊತೆಗೆ ಒಯ್ಯಿರಿ. ಭಾನುವಾರ ರಜೆ.