ಕಾರಿಗೆ ಕಮ್ಮಿ ರೇಟಿನ ಟೈರ್ ಹಾಕಿಸುವವರು ಟೈರಿನ ಒಳಬದಿ ನೋಡಿ

ವಿಜಯಪುರದಲ್ಲಿ ಯಾರಾದರೂ ಟೈರ್ ಅಂಗಡಿಯವರು "ಜಿಎಸ್‌ಟಿ ಇಳದೈತ್ರಿ, ಅದಕ್ಕ ಇಷ್ಟು ಕಮ್ಮಿ" ಅಂದರೆ ಕೊಟ್ಟ ಚಹಾ ಅರ್ಧಕ್ಕೆ ಬಿಟ್ಟು ಎದ್ದು ಬನ್ನಿ. ಅಂಗಡಿ ಹೆಸರು ಇಲ್ಲಿ ಹಾಕುವುದಿಲ್ಲ, ಕೇಳಬೇಡಿ. ಆದರೆ ಏನು ಮಾಡಿದರು ಅನ್ನೋದನ್ನು ಪೂರ್ತಿ ಬರೆಯುತ್ತೇನೆ. ಇದು ಒಂದೇ ಅಂಗಡಿಯ ಕಥೆ ಇರಲಿಕ್ಕಿಲ್ಲ.

ನನ್ನದು ಹಳೆಯ ಡಿಸೈರ್, ಟೈರ್ ಸೈಜು 165/80 ಆರ್14. ಹಿಂದಿನ ಟೈರಿನ ಗ್ರಿಪ್ ಪೂರ್ತಿ ಸವೆದಿತ್ತು. ದಸರಾ ಮುಗಿದ ಮೇಲೆ, ದೀಪಾವಳಿಗೆ ಮುಂಚೆ, ನಾಲ್ಕೂ ಬದಲಿಸೋಣ ಅಂತ ಹೊರಟೆ. ಬೇರೆ ಕಡೆ ವಿಚಾರಿಸಿದಾಗ ಒಂದಕ್ಕೆ 4,500ರ ಆಸುಪಾಸು ಹೇಳಿದ್ದರು. ಇವನು 2,800 ಅಂದ. ಫಿಟ್ಟಿಂಗ್, ಬ್ಯಾಲೆನ್ಸಿಂಗ್ ಎಲ್ಲಾ ಸೇರಿ. ಯಾಕೆ ಇಷ್ಟು ಕಮ್ಮಿ ಅಂತ ಕೇಳಿಯೇ ಕೇಳಿದೆ. ಆಗ ಬಂದದ್ದೇ ಈ ಜಿಎಸ್‌ಟಿ ಮಾತು. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿದದ್ದು ನಿಜ. ಪೇಪರಿನಲ್ಲಿ ಎಲ್ಲರೂ ಓದಿದ್ದೇ. ಅದನ್ನೇ ಹಿಡಿದುಕೊಂಡಿದ್ದಾನೆ ಮಹಾಶಯ. ಈಗ ಕೂತು ಲೆಕ್ಕ ಹಾಕಿ, 128 ಇದ್ದದ್ದು 118 ಆಗುತ್ತೆ, ಅಂದರೆ 4,500ರ ಟೈರಿಗೆ 350 ರೂಪಾಯಿ ಇಳಿದೀತು. 1,700 ಎಲ್ಲಿಂದ ಇಳಿಯುತ್ತೆ? ಇನ್ನೂ ಮಜಾ ಅಂದರೆ, ಅವನು ಕೊಟ್ಟದ್ದು ಕಚ್ಚಾ ಚೀಟಿ. ಜಿಎಸ್‌ಟಿಯನ್ನೇ ಕಟ್ಟದವನು ಜಿಎಸ್‌ಟಿ ಇಳಿದ ಲಾಭ ನನಗೆ ಕೊಡ್ತಾನಂತೆ!

ಟೈರ್ ತಂದು ಎದುರಿಗೆ ಉರುಳಿಸಿದ. ಕರ್ರಗೆ ಮಿಂಚುತ್ತಿತ್ತು. ಹೊಸ ಟೈರಿನ ಮೇಲೆ ಸಣ್ಣ ಸಣ್ಣ ರಬ್ಬರ್ ಕೂದಲು ಇರುತ್ತವಲ್ಲ, ಅದನ್ನು ಬೆರಳಲ್ಲಿ ಎಳೆದು ತೋರಿಸಿ "ಮೀಸಿ ಅದಾವ ನೋಡ್ರಿ ಸರ್ರ, ರೋಡೇ ಕಂಡಿಲ್ಲ ಇದು" ಅಂದ. ಐಎಸ್‌ಐ ಗುರುತನ್ನೂ ತೋರಿಸಿದ. ಎರಡೂ ಸುಳ್ಳಲ್ಲ, ಅದೇ ಅವನ ಜಾಣತನ. ಓಡದೇ ಇದ್ದರೆ ಆ ಕೂದಲು ವರ್ಷಗಟ್ಟಲೆ ಹಾಗೇ ಇರುತ್ತೆ. ಐಎಸ್‌ಐ ಗುರುತು ಹಳೆಯ ಮಾಲಿಗೂ ಇರುತ್ತೆ. ಟೈರ್ ಎಂದು ತಯಾರಾಯಿತು ಅನ್ನೋದನ್ನು ಇವೆರಡೂ ಹೇಳೋದಿಲ್ಲ. ಅದನ್ನು ಹೇಳುವ ನಂಬರ್ ಬೇರೆ ಇದೆ, ಅದರ ಮೇಲೆ ಅವನ ಕೈ ಹೋಗಲೇ ಇಲ್ಲ. "ಕುಂದರ್ರಿ, ಚಾ ತರಸ್ತೀನಿ, ಹತ್ತ ನಿಮಿಷ" ಅಂತ ಒಳಗೆ ಕೂರಿಸಿದ. ಚಹಾ ಬರುವಷ್ಟರಲ್ಲಿ ಹುಡುಗರು ಎರಡು ಟೈರ್ ರಿಮ್ಮಿಗೆ ಏರಿಸಿಬಿಟ್ಟಿದ್ದರು.

ಸಂಕ್ರಾಂತಿಗೆ ಮನೆಯವರೆಲ್ಲ ಕೂಡಲಸಂಗಮಕ್ಕೆ ಹೊರಟೆವು. ಅತ್ತೆ, ಮಕ್ಕಳು, ಬುತ್ತಿ, ಕಾರು ತುಂಬಿತ್ತು. ಮನಗೂಳಿ ದಾಟಿ 80ರ ಮೇಲೆ ಹೋಗುತ್ತಿದ್ದಂತೆ ಸ್ಟೇರಿಂಗ್ ಕೈಯಲ್ಲಿ ನಡುಗೋಕೆ ಶುರುವಾಯಿತು. ನಿಧಾನ ಮಾಡಿದರೆ ಸುಮ್ಮನಾಗುತ್ತೆ, ಮತ್ತೆ ಸ್ಪೀಡ್ ಹಿಡಿದರೆ ಮತ್ತೆ ನಡುಕ. "ರೀ, ಹೊಸಾ ಟೈರ್ ಅಲ್ವೇನ್ರಿ?" ಅಂದಳು ಹೆಂಡತಿ. ಹೌದು, ಹೊಸಾ ಟೈರ್.

ನಿಡಗುಂದಿಯಲ್ಲಿ ಒಂದು ಪಂಕ್ಚರ್ ಅಂಗಡಿಗೆ ಹಾಕಿದೆ. ಹುಡುಗ ಜ್ಯಾಕ್ ಏರಿಸಿ ಎಡಗಡೆ ಮುಂದಿನ ಗಾಲಿ ಬಿಚ್ಚಿ ತಿರುಗಿಸಿದ. ಹೊರಗಿನಿಂದ ಏನೂ ಕಾಣದ ಟೈರಿನ ಒಳಬದಿಯಲ್ಲಿ ಅಂಗೈಗೆ ಸಿಗುವಷ್ಟು ಉಬ್ಬು! ಒಳಗಿನ ದಾರ ಹರಿದು ಹವಾ ಹೊರಗೆ ತಳ್ಳಿದಾಗ ಹಾಗೆ ಆಗುತ್ತಂತೆ, ಯಾವ ಗಳಿಗೆಯಲ್ಲಾದರೂ ಒಡೆಯಬಹುದು. ಅದನ್ನು ನೋಡುವಾಗಲೇ ಹುಡುಗ ಉಬ್ಬಿನ ಪಕ್ಕದ ನಂಬರ್ ಮೇಲೆ ಬೆರಳಿಟ್ಟು ಒರೆಸಿದ.

"ಅಣ್ಣಾರ, ಇದು ಎಂದ ಹಾಕ್ಸೀರಿ?"

"ದೀಪಾವಳಿಗೆ."

"ಯಾವ ದೀಪಾವಳಿ?"

ನನಗೆ ಅರ್ಥವಾಗಲಿಲ್ಲ. ಮೊಬೈಲ್ ಟಾರ್ಚ್ ಹಾಕಿ ತೋರಿಸಿದ. 3417. ಮೊದಲಿನ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. 2017ರ 34ನೇ ವಾರ, ಅಂದರೆ ಆಗಸ್ಟ್ ತಿಂಗಳು. ಎಂಟು ವರ್ಷ ದಾಟಿದ ಟೈರು! ಗ್ರಿಪ್ಪಿನ ಸಂದಿ ಸಂದಿಯಲ್ಲಿ ಕೂದಲೆಳೆ ಬಿರುಕು ಬೇರೆ. ಪಾಲಿಶ್ ಹೊಡೆದಿದ್ದಕ್ಕೆ ಆವತ್ತು ಕಂಡಿರಲಿಲ್ಲ. ಉಳಿದದ್ದನ್ನೂ ನೋಡು ತಮ್ಮಾ ಅಂದೆ. ಇನ್ನೊಂದು ಅದೇ 3417. ಹಿಂದಿನ ಎರಡು 0518. ಎರಡು ಬೇರೆ ಬೇರೆ ವರ್ಷದ ಮಾಲು ಗುಡ್ಡೆ ಹಾಕಿ ಒಂದೇ ಸೆಟ್ ಅಂತ ಕೊಟ್ಟಿದ್ದಾನೆ.

ಆದರೆ ನನ್ನ ಪಿತ್ತ ನೆತ್ತಿಗೇರಿದ್ದು ವರ್ಷ ನೋಡಿ ಅಲ್ಲ. ಈ ನಾಲ್ಕು ಅಂಕಿಯ ನಂಬರ್ ಎಷ್ಟೋ ಟೈರುಗಳಲ್ಲಿ ಒಂದೇ ಬದಿಗೆ ಇರುತ್ತೆ. ಆ ಬದಿ ಹೊರಗೂ ಬರಬಹುದು, ಒಳಗೂ ಹೋಗಬಹುದು. ನನ್ನ ಕಾರಿನಲ್ಲಿ ನಾಲ್ಕಕ್ಕೆ ನಾಲ್ಕೂ ಒಳಗೆ. ನಾಲ್ಕಕ್ಕೆ ನಾಲ್ಕೂ! ಅಕಸ್ಮಾತ್ ಆದರೆ ಒಂದಾದರೂ ಹೊರಗೆ ಬರುತ್ತಿರಲಿಲ್ವಾ? ಅಂದರೆ ಆ ಹುಡುಗರಿಗೆ ಗೊತ್ತಿತ್ತು, ಮಾಲೀಕನಿಗೆ ಗೊತ್ತಿತ್ತು, ಚಹಾ ಯಾಕೆ ತರಿಸಿದ್ದು ಅಂತ ನನಗೆ ಆಗ ಗೊತ್ತಾಯಿತು. ರಸ್ತೆ ಪಕ್ಕ ಬಿಸಿಲಲ್ಲಿ ನಿಂತಿದ್ದೇನೆ, ಅತ್ತೆ ಕಾರಿಂದ ಇಳಿದು "ಏನಾತ್ರಿ?" ಅಂತ ಕೇಳ್ತಿದ್ದಾರೆ. ಏನಂತ ಹೇಳಲಿ? ಸ್ಟೆಪ್ನಿ ಹಾಕಿಕೊಂಡು ನಿಧಾನಕ್ಕೆ ಹೋಗಿ ಬಂದೆವು.

ಮರುದಿನ ಟೈರ್ ಸಮೇತ ಅಂಗಡಿಗೆ ಹೋದೆ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ, ಓದಿ ನೀವೇ ಹೇಳಿ. ಮೊದಲು ಉಬ್ಬು ನೋಡಿ "ತಗ್ಗಿನ್ಯಾಗ ಬಡದೀರಿ ಸರ್ರ, ಇದಕ್ಕ ವಾರಂಟಿ ಬರಂಗಿಲ್ಲ" ಅಂದ. ಆಯ್ತಪ್ಪ, ನಮ್ಮ ರಸ್ತೆಗಳಲ್ಲಿ ತಗ್ಗು ತಪ್ಪೋದಿಲ್ಲ, ಉಬ್ಬು ಹೆಚ್ಚಾಗಿ ಹಾಗೇ ಬರುತ್ತೆ, ಹೊಸ ಟೈರಿಗೂ ಬರುತ್ತೆ, ಅದನ್ನು ನಾನೂ ಒಪ್ಪುತ್ತೇನೆ. ತಾರೀಖಿನದು ಹೇಳು ಅಂದೆ. "ಅದು ಫ್ಯಾಕ್ಟರಿ ನಂಬರ್ ರೀ, ತಾರೀಖ ಅಲ್ಲ." ಗೋಡೆ ಪಕ್ಕ ಇದ್ದ ದೊಡ್ಡ ಕಂಪನಿಯ ಟೈರ್ ತೋರಿಸಿ, ಇದರ ಮೇಲೆ 25 ಅಂತ ಕೊನೆಯಾಗಿದೆಯಲ್ಲ, ಇದೇನು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಗೋಡೌನ್ ನೆರಳಿನ್ಯಾಗ ಇಟ್ಟ ಮಾಲ್ ರೀ. ಟೈರ್ ಅಂದ್ರ ಏನ್ ಹಾಲೇನ್ರಿ, ಇಟ್ಟಲ್ಲೇ ಒಡದು ಹೋಗಾಕ?" ಅಂದ. ಅಲ್ಲಿದ್ದವರು ನಕ್ಕರು. ನನಗೆ ಮೈಯೆಲ್ಲಾ ಉರಿಯಿತು.

ಒಂದು ವರ್ಷ ಗೋದಾಮಿನಲ್ಲಿ ಇದ್ದ ಟೈರ್ ಆಗಿದ್ದರೆ ನಾನೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಎಲ್ಲಾ ಅಂಗಡಿಯಲ್ಲೂ ಒಂದಷ್ಟು ಹಳೆಯ ಮಾಲು ಇದ್ದೇ ಇರುತ್ತೆ. ಆದರೆ ರಬ್ಬರ್ ಸುಮ್ನೆ ಇಟ್ಟರೂ ಗಾಳಿಗೆ, ಶಾಖಕ್ಕೆ ಬಿರುಸಾಗುತ್ತಾ ಹೋಗುತ್ತೆ, ಹಿಡಿತ ಕಮ್ಮಿಯಾಗುತ್ತೆ, ಬಿರುಕು ಬಿಡುತ್ತೆ. ನಮ್ಮ ಊರಿನ ಬೇಸಿಗೆ 40 ಡಿಗ್ರಿ ದಾಟುತ್ತೆ, ತಗಡಿನ ಗೋದಾಮಿನೊಳಗೆ ಇನ್ನೆಷ್ಟಿರುತ್ತೆ? ಓಡಿಸಿದ ಟೈರನ್ನು ಐದು ವರ್ಷದ ಮೇಲೆ ವರ್ಷ ವರ್ಷ ತೋರಿಸಿಕೊಳ್ಳಿ, ಹತ್ತು ವರ್ಷಕ್ಕೆ ಚೆನ್ನಾಗಿ ಕಂಡರೂ ತೆಗೆದುಹಾಕಿ ಅಂತ ದೊಡ್ಡ ಕಂಪನಿಗಳೇ ಹೇಳುತ್ತವೆ. ಇವನು ಎಂಟು ವರ್ಷ ದಾಟಿದ್ದನ್ನು ಹೊಸದು ಅಂತ ಮಾರಿದ್ದಾನೆ.

ಕೊನೆಗೆ ಅವನ ಬ್ರಹ್ಮಾಸ್ತ್ರ ಬಂತು. "ಬಿಲ್ ತಂದೀರೇನ್ರಿ?" ಚೀಟಿ ಕೊಟ್ಟೆ. ಅದರಲ್ಲಿ "ಟೈರ್ 4" ಅಂತಿದೆ, 11,200 ಅಂತಿದೆ. ಅಂಗಡಿ ಹೆಸರಿಲ್ಲ, ಕಂಪನಿ ಹೆಸರಿಲ್ಲ. "ಇದು ನಮ್ಮದ ಅಂತ ಏನ್ ಗ್ಯಾರಂಟಿ?" ಅಂದ! ಅವನೇ ಬರೆದು ಕೊಟ್ಟ ಚೀಟಿ! ಫೋನ್‌ಪೇ ತೆಗೆದು ನೋಡಿದರೆ ದುಡ್ಡು ಹೋದದ್ದು ಯಾವುದೋ ಹೆಣ್ಣುಮಗಳ ಹೆಸರಿಗೆ. ಆಮೇಲೆ ಉಪಕಾರ ಮಾಡುವವನ ಹಾಗೆ "ಒಂದ್ ಟೈರ್ ಅರ್ಧ ರೇಟಿಗೆ ಹಾಕಿ ಕೊಡ್ತೀನಿ ತಗೋರಿ, ಕಮ್ಮಿ ರೇಟಿಂದು ಬೇಕಂದೋರು ನೀವಲ್ಲೇನ್ರಿ?" ಅಂದ. ಕಮ್ಮಿ ರೇಟು ಕೇಳಿದ್ದೆ ನಿಜ. ಹಳೆಯದು ಕೇಳಿರಲಿಲ್ಲ. ಕಮ್ಮಿ ರೇಟಿನ ಟೈರ್ ಎಲ್ಲಾ ಕೆಟ್ಟದ್ದಲ್ಲ, ಹೊಸದಾಗಿದ್ದರೆ ಊರೊಳಗೆ ಓಡಾಡೋಕೆ ಧಾರಾಳ ಸಾಕು. ಅಗ್ಗದ ಹೆಸರಿನಲ್ಲಿ ಹಳೆಯದನ್ನು ದಾಟಿಸೋದು ಬೇರೆ.

ಇನ್ನೂ ನಾಚಿಕೆಯ ವಿಷಯ, ಆಫೀಸಿನ ಗೆಳೆಯನಿಗೆ ಇದೇ ಅಂಗಡಿ ತೋರಿಸಿದ್ದೆ. ಅವನ ಕಾರು ನೋಡಿದೆವು. ಅಲ್ಲೂ ನಂಬರ್ ಎಲ್ಲಾ ಒಳಗೆ. 2018ರ ಮಾಲು. ಈಗ ಕ್ಯಾಂಟೀನಿನಲ್ಲಿ ಅವನ ಎದುರು ಕೂರೋಕೆ ಆಗ್ತಿಲ್ಲ.

1915ಕ್ಕೆ, ಅಂದರೆ ಗ್ರಾಹಕರ ಸಹಾಯವಾಣಿಗೆ ಫೋನ್ ಮಾಡಿದೆ. ದೂರು ಬರೆದುಕೊಂಡರು, ಮೊದಲು ಕೇಳಿದ್ದೇ ಬಿಲ್. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ. ಗೆಳೆಯನೂ ನಾನೂ ಸೇರಿ ಹಾಕೋಣ ಅಂತಿದ್ದೇವೆ, ಅವನ ಹತ್ತಿರ ಅಂಗಡಿಯವನ ವಾಟ್ಸಾಪ್ ಮೆಸೇಜ್ ಇವೆ.

ನೀವು ಹಾಕಿಸುವಾಗ ಟೈರ್ ರಿಮ್ಮಿಗೆ ಏರುವ ಮುಂಚೆ ಎರಡೂ ಬದಿ ತಿರುಗಿಸಿ ಆ ನಾಲ್ಕು ಅಂಕಿ ಓದಿ, ಫೋಟೋ ತೆಗೆಯಿರಿ. ನಂಬರ್ ಬಿಲ್ಲಿನಲ್ಲಿ ಬರೆಸಿ. ಬರೆಯಲ್ಲ ಅಂದರೆ ಬೇರೆ ಅಂಗಡಿ. ಚಹಾ ಆಮೇಲೆ ಕುಡಿಯಬಹುದು. ಈಗಾಗಲೇ ಹಾಕಿಸಿದವರು ಸ್ಟೇರಿಂಗ್ ಪೂರ್ತಿ ತಿರುಗಿಸಿ ಮುಂದಿನ ಗಾಲಿಯ ಒಳಬದಿಗೆ ಟಾರ್ಚ್ ಬಿಡಿ, ಕಾಣುತ್ತೆ. ಹಿಂದಿನದಕ್ಕೆ ಮೊಬೈಲ್ ಕೆಳಗೆ ತೂರಿಸಿ ವಿಡಿಯೋ ಮಾಡಿ. ದಸರಾ ದೀಪಾವಳಿ ಟೈಮಿನಲ್ಲಿ ಬೈಪಾಸ್ ಕಡೆ 2,800ಕ್ಕೆ ಹಾಕಿಸಿದವರಂತೂ ಇವತ್ತೇ ನೋಡಿ. ನಂಬರ್ 17 ಅಥವಾ 18 ಅಂತ ಕೊನೆಯಾದರೆ ನನಗೆ ಮೆಸೇಜ್ ಹಾಕಿ. ದೂರಿಗೆ ಇನ್ನಿಬ್ಬರು ಸಿಕ್ಕರೂ ಆದೀತು.